ಮಸ್ಕತ್ತಿನಲ್ಲಿ ನಾನು ಮಾಡಿದ ಬಾಣಂತನ

ಮಾನ್ವಿ

ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನನಗೆ ಮೊಮ್ಮಗ ಹುಟ್ಟಿದ್ದಾನೆ. ವಿಮಾನ, ಸಮುದ್ರ, ಅರಬರ ದೇಶ, ಅದೆಲ್ಲ ಆಮೇಲೆ. ನಾನು ಮಸ್ಕತ್ತಿಗೆ ಹೋಗಿ ಬಂದೆ ಅಂತ ಗೊತ್ತಾದ ದಿನದಿಂದ ಜನ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅಲ್ಲಿ ಬಂಗಾರ ಹೇಗೆ, ಟೇಪ್ ರೆಕಾರ್ಡರ್ ಹೇಗೆ ಅಂತ ಕೇಳುತ್ತಾರೆ. ನಾನು ಮೊಮ್ಮಗನ ಮೂಗಿನಿಂದ ಶುರು ಮಾಡುತ್ತೇನೆ. ಕಿವಿಗೆ ಬರುವಷ್ಟರಲ್ಲಿ ಬಸ್ಸು ಬಂತು ಅಂತ ಎದ್ದು ಹೋಗುತ್ತಾರೆ. ಬರೆದರೆ ಯಾರು ಎದ್ದು ಹೋದರೂ ನನಗೆ ಕಾಣುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿ.

ನನ್ನ ಕಸುಬು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಾಯಚೂರಿನ ಒಂದು ದೊಡ್ಡ ದವಾಖಾನೆಯ ಗಂಡಸರ ವಾರ್ಡಿನಲ್ಲಿ ನನ್ನ ಆಯುಷ್ಯ ಕಳೆಯಿತು. ಏಳಲಾಗದವರ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಹಾಸಿಗೆಯಿಂದ ಎತ್ತಿ ಕುರ್ಚಿಗೆ, ಕುರ್ಚಿಯಿಂದ ಎತ್ತಿ ಮತ್ತೆ ಹಾಸಿಗೆಗೆ. ರಿಟೈರಾಗಿ ಮಾನ್ವಿಗೆ ಬಂದ ಮೇಲೂ ಅದೇ ಕೆಲಸ. ಯಾರಿಗಾದರೂ ಲಕ್ವಾ ಹೊಡೆದರೆ, ಸೊಂಟ ಮುರಿದರೆ, "ದವಾಖಾನಿ ಮಲ್ಲಪ್ಪನ್ನ ಕರೀರಿ" ಅನ್ನುತ್ತಾರೆ. ಬಾಗಲವಾಡದ ತನಕ ಸೈಕಲ್ ತುಳಿದು ಹೋಗಿ ಮಾಡಿ ಬಂದಿದ್ದೇನೆ. ಈ ಕೆಲಸದ ಎರಡು ಪಾಠ ನನ್ನ ಕೈಯೊಳಗೇ ಕೂತುಬಿಟ್ಟಿವೆ. ರೋಗಿಯ ಮೈ ಮುಟ್ಟುವ ಮೊದಲು ಏನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳಬೇಕು: "ಈಗ ನಿಮ್ಮ ಎಡಗೈ ಎತ್ತತೀನ್ರಿ." ಮಾತು ನಿಂತುಹೋದವರಿಗೂ ಹೇಳಬೇಕು. ಇನ್ನೊಂದು, ತಾನಾಗಿ ಹೊರಳಲಾಗದವನನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು. ಮರೆತರೆ ಬೆನ್ನು ಹುಣ್ಣಾಗುತ್ತದೆ.

ಮಗಳು ಸುಭದ್ರಾ ನರ್ಸ್. ಮಸ್ಕತ್ತಿನ ದವಾಖಾನೆಯಲ್ಲಿ ಕೆಲಸ ಸಿಕ್ಕಿ ಹೋದಳು. ಅಳಿಯ ಬಸವರಾಜರೂ ಅದೇ ದೇಶದಲ್ಲಿ ರಸ್ತೆ ಹಾಕುವ ಕಂಪನಿಯ ಮೆಕ್ಯಾನಿಕ್. ಅವರ ಬಿಡಾರ ಮರಳುಗಾಡಿನಲ್ಲಿ, ಮನೆಗೆ ಬರುವುದು ವಾರಕ್ಕೊಮ್ಮೆ. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು. ಮಗಳು ಬಸುರಿ ಅಂತ ತಿಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಣಂತನ ಮಾಡುವವರು ಯಾರು?

"ನಾನೇ ಮಾಡ್ತೀನಿ" ಅಂತ ಕ್ಷೌರದ ಅಂಗಡಿಯಲ್ಲಿ ಅಂದುಬಿಟ್ಟೆ.

"ಮಲ್ಲಪ್ಪಣ್ಣ, ಹಂಗಾದ್ರ ಮೀಸಿ ತೆಗೀಲೇನು?" ಅಂದ ಕ್ಷೌರದವನು. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮೀಸೆ ಮಾತ್ರ ತೆಗೆಸಲಿಲ್ಲ.

ವೀಸಾ ಕೈಗೆ ಬಂದ ವಾರವೇ ತಂತಿ ಬಂತು, ಗಂಡು ಕೂಸು, ಇಬ್ಬರೂ ಕ್ಷೇಮ ಅಂತ. ನಾನು ಆಗ ನೋಡಿಕೊಳ್ಳುತ್ತಿದ್ದ ಲಕ್ವಾದ ಅಜ್ಜನ ಬಾಯಿಗೆ ಒಂದು ಚೂರು ಪೇಡೆ ಇಟ್ಟು ಸುದ್ದಿ ಹೇಳಿದೆ. ಅವರು ಅರ್ಧ ಮುಖದಲ್ಲಿ ನಕ್ಕರು. ಉಳಿದ ಅರ್ಧ ನಾನು ನಕ್ಕೆ.

ಅರಕೇರಾ

ಬೀಗಿತ್ತಿ ನಿಂಗಮ್ಮ, ಅಂದರೆ ಅಳಿಯಂದಿರ ತಾಯಿ, ಅರಕೇರಾದವರು. ಮೊದಲು ಅವರನ್ನೇ ಕೇಳಬೇಕಲ್ಲವೇ? ವೀಸಾ ಬರುವ ಮೊದಲೇ ಹೋಗಿ ಕೇಳಿದ್ದೆ.

"ನಾ ಒಲ್ಲೆ ಬೀಗ್ರೇ. ಬಸ್ಸಿನಾಗ ದೇವದುರ್ಗ ಮುಟ್ಟೋದ್ರಾಗ ನನ್ನ ಹೊಟ್ಟಿ ಬಾಯಿಗೆ ಬರ್ತದ. ಇನ್ನ ಮುಗಲಿನಾಗ ಹಾರಿದ್ರ ಸಮುದ್ರನ ಹೊಲಸಾಗ್ತದ."

"ಹಂಗಾದ್ರ ಕೂಸಿಗೆ ನೀರು ಹಾಕೋದರೆ ಕಲಿಸಿಕೊಡ್ರಿ."

ಅವರು ನನ್ನನ್ನು ಅಂಗಳದ ಮಣೆಯ ಮೇಲೆ ಕೂರಿಸಿ, ಧೋತರ ತೊಡೆಯ ತನಕ ಎತ್ತಿಸಿ, ಎರಡೂ ಕಾಲು ಮುಂದಕ್ಕೆ ಚಾಚಿಸಿದರು. ಕಾಲ ಮೇಲೆ ಒಂದು ಎಳೆಯ ಸೋರೆಕಾಯಿ ತಂದಿಟ್ಟರು. "ಇದು ಕೂಸು. ಕಾಲು ಕೂಡಿಸ್ರಿ! ನಡುವ ಸಂದಿ ಬಿಟ್ರ ಜಾರಿ ಕೆಳಗಿಳೀತದ."

ನಾನು ರೂಢಿಯಂತೆ ಸೋರೆಕಾಯಿಗೆ ಹೇಳಿದೆ: "ಈಗ ನಿಮ್ಮ ಬೆನ್ನಿಗೆ ನೀರು ಹಾಕ್ತೀನ್ರಿ."

ಗೋಡೆಯ ಆಚೆಯಿಂದ ಇಣುಕುತ್ತಿದ್ದ ಹೆಂಗಸರು ಕೂಗಿಕೊಂಡರು. "ಯವ್ವಾ, ಸೋರಿಕಾಯಿಗೆ ರೀ ಹಚ್ಚಿ ಮಾತಾಡ್ತಾನ ನೋಡ್ರೇ ಈ ಮುದುಕ!"

ನಿಂಗಮ್ಮ ನಗಲಿಲ್ಲ. ಕಿವಿಗೆ ನೀರು ಹೋಗದಂತೆ ಅಂಗೈ ಹೇಗೆ ಅಡ್ಡ ಹಿಡಿಯಬೇಕು, ನೀರಿನ ಬಿಸಿಯನ್ನು ಮೊಣಕೈಯಿಂದ ಹೇಗೆ ನೋಡಬೇಕು, ಎಲ್ಲ ತೋರಿಸಿದರು. ಬಜೆ ಬೇರು, ಲೋಬಾನ, ಅಂಟಿನ ಉಂಡೆ, ಒಣಶುಂಠಿ ಕಟ್ಟಿಕೊಟ್ಟರು. ಆಮೇಲೆ ಅದೇ ಸೋರೆಕಾಯಿ ಹೆಚ್ಚಿ ಪಲ್ಯ ಮಾಡಿ ಬಡಿಸಿದರು. ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ ನೋಡಿ.

ಬೊಂಬಾಯಿ

ರಾಯಚೂರು ಸ್ಟೇಷನ್ನಿನಿಂದ ಬೊಂಬಾಯಿಗೆ ರೈಲು. ಆ ಪ್ಲಾಟ್‌ಫಾರ್ಮಿನ ಮೇಲೆ ನಾನು ಎಷ್ಟೋ ರೋಗಿಗಳನ್ನು ಸ್ಟ್ರೆಚರಿನಲ್ಲಿ ಹತ್ತಿಸಿ ಇಳಿಸಿದ್ದೇನೆ. ನಾನೇ ದೂರಕ್ಕೆ ಹತ್ತಿದ್ದು ಅದೇ ಮೊದಲು. ಡಬ್ಬಿಯ ಈ ತುದಿಯಿಂದ ಆ ತುದಿಗೆ ಅಡ್ಡಾಡಿಯೇ ದಾರಿ ಸವೆಸಿದೆ. "ಅಜ್ಜಾ, ನೀ ನಡಕೊಂತನ ಬೊಂಬಾಯಿ ಮುಟ್ಟತಿ ನೋಡು" ಅಂತ ಒಬ್ಬ ಹೆಣ್ಣುಮಗಳು ಅಂದಳು.

ಬೊಂಬಾಯಿಯಲ್ಲಿ ನಮ್ಮ ಕಡೆಯ ಯಾಪಲದಿನ್ನಿಯ ಪರಿಚಯದವನೊಬ್ಬ ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದ. ಅವನೇ ವಿಮಾನದ ನಿಲ್ದಾಣಕ್ಕೆ ಮುಟ್ಟಿಸಿದ. ಗಾಜಿನ ಬಾಗಿಲಿನ ಈಚೆ ನಿಂತು ನನ್ನ ಅಂಗಿಯ ಗುಂಡಿ ತಾನೇ ಹಾಕಿ, "ಒಳಗ ಹೆಂಗದ ಅಂತ ಬಂದ ಮ್ಯಾಲೆ ಹೇಳು ಕಾಕಾ" ಅಂದ. ಒಳಗೆ ಹೇಗಿತ್ತೆಂದರೆ, ದವಾಖಾನೆಯ ಹಾಗೇ ಇತ್ತು. ಎಲ್ಲರ ಕೈಯಲ್ಲೂ ಚೀಟಿ, ಎಲ್ಲರ ಮುಖದಲ್ಲೂ ಚಿಂತೆ, ಯಾರನ್ನು ಕೇಳಿದರೂ ಮುಂದಿನ ಕಿಟಕಿಗೆ ಹೋಗು ಅನ್ನುವುದು.

ವಿಮಾನದಲ್ಲಿ ನನ್ನ ಪಕ್ಕ ಕಡಪಾದ ಕಡೆಯ ಒಬ್ಬ ಗಟ್ಟಿಮುಟ್ಟಾದ ಆಳು. ಹೆದರಿಕೆಯಲ್ಲಿ ಅವನು ಎಷ್ಟು ಸಲ ಹಾಕಿದರೂ ಸೊಂಟದ ಪಟ್ಟಿ ಕೂಡಿಕೊಳ್ಳಲೊಲ್ಲದು. ನಾನು ತೆಲುಗಿನಲ್ಲಿ "ಈಗ ನಿಮ್ಮ ಪಟ್ಟಿ ಹಾಕ್ತೀನಿ" ಅಂತ ಹೇಳಿ ಹಾಕಿದೆ. ಅವನು ನನ್ನ ಕೈ ಹಿಡಿದವನು ಇಳಿಯುವ ತನಕ ಬಿಡಲಿಲ್ಲ. ನನಗೆ ಎದ್ದು ಅಡ್ಡಾಡುವ ಆಸೆ. ಆದರೆ ಹಿಡಿದ ಕೈ ನಾವು ಮೊದಲು ಬಿಡುವ ರೂಢಿ ನಮ್ಮ ಕೆಲಸದಲ್ಲಿ ಇಲ್ಲ.

ಮಸ್ಕತ್

ಕಸ್ಟಮ್ಸಿನ ಅರಬ ನನ್ನ ಗಂಟು ಬಿಚ್ಚಿದ. ಬಜೆ ಬೇರನ್ನು ಮೂಗಿಗೆ ಹಿಡಿದ, ಮುಖ ಕಿವುಚಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು. ಮೂರನೆಯವನೂ ಬಂದ. ಭಾಷೆ ಬಾರದು. ನಾನು ಎರಡೂ ಕೈ ಜೋಡಿಸಿ ತೊಟ್ಟಿಲು ತೂಗಿದೆ, ಕೂಸಿನ ಹಾಗೆ ಅತ್ತೆ, ಬೇರನ್ನು ತೇಯ್ದು ನಾಲಿಗೆಗೆ ಹಚ್ಚಿದಂತೆ ಮಾಡಿ ತೋರಿಸಿದೆ. ಸಾಲಿನಲ್ಲಿ ನಿಂತವರೆಲ್ಲ ನನ್ನ ನಾಟಕ ನೋಡಿದರು. ಅರಬ ತನ್ನ ಮೀಸೆ ತೋರಿಸಿ, ಗಂಡೋ ಹೆಣ್ಣೋ ಅನ್ನುವಂತೆ ಕೇಳಿದ. ನಾನು ನನ್ನ ಮೀಸೆ ತಿರುವಿ ತೋರಿಸಿದೆ. ಅವನು ನಕ್ಕು "ಮಬ್ರೂಕ್, ಮಬ್ರೂಕ್" ಅಂತ ಗಂಟು ತಾನೇ ಕಟ್ಟಿಕೊಟ್ಟ. ಒಳ್ಳೆಯದಾಗಲಿ ಅಂತ ಅದರ ಅರ್ಥವಂತೆ. ಆ ದೇಶದಲ್ಲಿ ನಾನು ಕಲಿತ ಮೊದಲ ಮಾತು ಅದು.

ಹೊರಗೆ ಬಂದರೆ ಗುಡ್ಡ. ಎಲ್ಲಿ ನೋಡಿದರೂ ಹುಲ್ಲುಕಡ್ಡಿಯಿಲ್ಲದ ಸುಟ್ಟ ಗುಡ್ಡ. ನಮ್ಮ ರಾಯಚೂರಿನ ಕಲ್ಲುಗಳನ್ನೇ ಯಾರೋ ಹೊತ್ತು ತಂದು ಇಲ್ಲಿ ಇನ್ನೂ ಎತ್ತರಕ್ಕೆ ಒಟ್ಟಿದಂತಿತ್ತು. ಬಿಸಿಲಿಗೆ ಅಳಿಯಂದಿರು ಕೊಡೆ ಹಿಡಿದರು. "ಅಳಿಯಂದ್ರೇ, ಬ್ಯಾಸಿಗಿ ರಾಯಚೂರು ಕಂಡವನಿಗೆ ಈ ಬಿಸಿಲೇನು ಮಾಡೀತ್ರಿ" ಅಂದೆ. ಜಂಬ ಮಗಳ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಇಳಿಯಿತು. ಒಳಗೆ ಏಸಿ. ಹಲ್ಲು ಕಟಕಟ ಅಂದವು. ಅಷ್ಟು ಬಿಸಿಲಿನ ದೇಶದಲ್ಲಿ ನಾನು ಆ ಕೋಣೆಗೆ ಹೋದಾಗಲೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಹೋಗುತ್ತಿದ್ದೆ.

ಸುಭದ್ರಾ ಹಾಸಿಗೆಯಲ್ಲಿ ಎದ್ದು ಕೂತಳು. "ಯಪ್ಪಾ, ಹಿಡಿ" ಅಂತ ಕೂಸನ್ನು ನನ್ನ ಕೈಗೆ ಇಟ್ಟಳು.

ಲಕ್ವಾದ ಎಂಥೆಂಥ ಭಾರದ ಆಳುಗಳನ್ನು ಎತ್ತಿದ ಕೈ ಇವು. ಆ ಹಿಡಿಯಷ್ಟು ಮೈಯನ್ನು ಹಿಡಿಯುವ ಜಾಗ ಹುಡುಕಿದವು. ಈ ಸುಭದ್ರಾ ಹುಟ್ಟಿದಾಗ ನಾನು ಡ್ಯೂಟಿ ಮೇಲೆ. ಮನೆಗೆ ಬರುವ ಹೊತ್ತಿಗೆ ಅವಳು ಹೆಂಗಸರ ಮಡಿಲಲ್ಲಿ. ಇಷ್ಟು ಹೊಸ ಮನುಷ್ಯನನ್ನು ನಾನು ಹಿಡಿದದ್ದೇ ಇಲ್ಲ.

"ಈಗ ನಿಮ್ಮ ತಲಿ ಕೆಳಗ ಕೈ ಇಡ್ತೀನ್ರಿ" ಅಂದೆ ಅವನಿಗೆ.

"ಯಪ್ಪಾ, ಕೂಸಿಗೆ ರೀ ಅಂತಾರೇನು?" ಸುಭದ್ರಾ ನಕ್ಕಳು.

"ನಾ ಅಂತೀನಿ. ಹೊಸಬರು ಬಂದಾರ, ನಾವ ಮರ್ಯಾದಿ ಕೊಡಲಿಲ್ಲಂದ್ರ ಹೆಂಗ?"

ಮತ್ರಾದ ಮನೆ

ಅವರ ಮನೆ ಇದ್ದದ್ದು ಮತ್ರಾ ಅನ್ನುವ ಕಡೆ, ಸಮುದ್ರಕ್ಕೆ ಹತ್ತಿರ. ಒಂದರ ಮೇಲೊಂದು ಮನೆ, ಬೆಂಕಿಪೆಟ್ಟಿಗೆ ಜೋಡಿಸಿದ ಹಾಗೆ. ಅಂಗಳವಿಲ್ಲ, ಕಟ್ಟೆಯಿಲ್ಲ, ಬಾಗಿಲು ತೆರೆದರೆ ಇನ್ನೊಂದು ಬಾಗಿಲು. ಎದುರು ಬಾಗಿಲು ಜೈನಬ್ ಬೀ ಅವರದು, ಹೈದರಾಬಾದಿನ ಹೆಣ್ಣುಮಗಳು. ಅವರ ಗಂಡನಿಗೆ ಬಂದರಿನಲ್ಲಿ ರಾತ್ರಿ ಪಾಳಿ. ರಾಯಚೂರಿನ ವಾರ್ಡಿನಲ್ಲಿ ನಾನು ಕಲಿತ ದಖನಿ ಉರ್ದು ಅಲ್ಲಿ ಉಪಯೋಗಕ್ಕೆ ಬಂತು. ನನ್ನ ದಖನಿ ಕೇಳಿದ ಮೊದಲ ದಿನವೇ ಅವರು "ಅರೆ, ಘರ್‌ಕೇ ಆದ್ಮಿ ನಿಕ್ಲೇ ನಾ!" ಅಂತ ಬಾಯಿ ತುಂಬ ನಕ್ಕರು. ಮನೆಯವರೇ ಸಿಕ್ಕಂತಾಯಿತು ಅಂತ.

ಬಾಣಂತನ ನಡೆಯಿತು. ಮಗಳಿಗೆ ಬೆಲ್ಲ ತುಪ್ಪ, ಮೆಂತ್ಯದ ಗಂಜಿ, ಸೊಂಟಕ್ಕೆ ಬಿಸಿನೀರು. ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು, ನಿಂಗಮ್ಮ ಹೇಳಿದಂತೆ ಅಂಗೈ ಅಡ್ಡ ಹಿಡಿದು ನೀರು ಹಾಕುತ್ತಿದ್ದೆ. ನನ್ನ ಕಾಲಿನ ಕೂದಲು ಅವನಿಗೆ ಕಚಗುಳಿಯಾಗಿ ಮೈ ಕೊಡವುತ್ತಿದ್ದ. ನೀರು ಹಾಕಿದ ಮೇಲೆ ಲೋಬಾನದ ಹೊಗೆ. ಕೆಂಡ ಎಲ್ಲಿಂದ ತರುವುದು? ಗ್ಯಾಸಿನ ಮೇಲೆ ಹಂಚು ಕಾಯಿಸಿ ಲೋಬಾನ ಸುರಿದೆ. ಕಿಟಕಿ ಭದ್ರವಾಗಿ ಹಾಕಿದ್ದೆ, ಬಾಣಂತಿಗೆ ಗಾಳಿ ತಾಗಬಾರದಲ್ಲ. ಹೊಗೆ ಬಾಗಿಲ ಸಂದಿಯಿಂದ ಮೆಟ್ಟಿಲಿಗೆ ಹೋಯಿತು. ಕೆಳಗಿನಿಂದ ಕಾವಲುಗಾರ ಎರಡು ಬಕೆಟ್ ನೀರು ಹೊತ್ತು ಓಡಿ ಬಂದು, ಬಾಗಿಲು ತೆರೆದ ನನ್ನ ಮೇಲೇ ಸುರಿದ. ಅವನಿಗೂ ಒಂದು ಅಂಟಿನ ಉಂಡೆ ಕೊಟ್ಟು ಕಳಿಸಿದೆ.

ಏಸಿ ಇದ್ದದ್ದು ಒಳಗೆ ಮಗಳ ಕೋಣೆಯಲ್ಲಿ ಮಾತ್ರ. ಅದನ್ನು ಹಗಲೆಲ್ಲ ನಿಲ್ಲಿಸಿದರೆ ಅವಳಿಗೆ ಬೆವರು, ಹಾಕಿದರೆ ಕೂಸಿಗೆ ಥಂಡಿ. ಅದಕ್ಕೆ ಕೂಸು ಹೊರಗಿನ ಪಡಸಾಲೆಯಲ್ಲಿ ನನ್ನ ಹತ್ತಿರ ಇರಲಿ, ಹಸಿದಾಗ ಒಯ್ದು ಕೊಡುತ್ತೇನೆ ಅಂತ ನಾನೇ ಠರಾಯಿಸಿದೆ. ಮಗಳು ನಿದ್ದೆ ಮಾಡಲಿ, ಪೂರ್ತಿ ಚಾರ್ಜು ನನ್ನದು. ಗೋಡೆಯ ಮೇಲೆ ಗಡಿಯಾರ, ಚಾಪೆಯ ಮೇಲೆ ಮೊಮ್ಮಗ. ಎರಡು ತಾಸಾಯಿತೋ, "ಈಗ ಬಲಮಗ್ಗಲಿಗೆ ಹೊರಳಸ್ತೀನ್ರಿ" ಅಂತ ಹೊರಳಿಸಿ, ಬೆನ್ನಿಗೆ ಬಟ್ಟೆಯ ಸುರುಳಿ ಕೊಟ್ಟು, ಭುಜಕ್ಕೆ, ಹಿಮ್ಮಡಿಗೆ, ಕುಂಡಿಗೆ ಪೌಡರ್ ಹಚ್ಚಿ ತಿಕ್ಕುತ್ತಿದ್ದೆ. ನಿದ್ದೆಯಲ್ಲಿದ್ದರೂ ಬಿಡುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಬ್ಬರ ಬೆನ್ನೂ ಹುಣ್ಣಾಗಿಲ್ಲ. ಮೊಮ್ಮಗನದು ಆಗಗೊಡುತ್ತೇನೆಯೇ?

ಕೂಸು ಮಾತ್ರ ಅಳುತ್ತಿತ್ತು. ಕಣ್ಣು ಮುಚ್ಚಿತು ಅನ್ನುವಷ್ಟರಲ್ಲಿ ಎದ್ದು ಚೀರುತ್ತಿತ್ತು. ಬಜೆ ತೇಯ್ದು ಹಚ್ಚಿದೆ, ಹೊಟ್ಟೆಗೆ ಇಂಗು ಹಚ್ಚಿದೆ, ದೃಷ್ಟಿ ತೆಗೆದೆ. ಸುಭದ್ರಾ ತನ್ನ ದವಾಖಾನೆಯ ಡಾಕ್ಟರಿಗೆ ತೋರಿಸಿದಳು. ಕೂಸು ಕಲ್ಲುಗುಂಡಿನ ಹಾಗಿದೆ, ಕೆಲವು ಕೂಸು ಹೀಗೇ ಅಂದರಂತೆ.

ಕೆಳಗಿನ ಮನೆ

ಅಳುವ ಕೂಸನ್ನು ಎತ್ತಿಕೊಂಡು ನಾನು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಕೆಳಗಿನ ಮನೆಯಲ್ಲಿ ಒಬ್ಬ ಅರಬ ಅಜ್ಜ, ಬಿಳಿ ನಿಲುವಂಗಿ, ಬಿಳಿ ಗಡ್ಡ. ನಾನು ಹಾದುಹೋಗುವುದನ್ನು ನೋಡಿ ನೋಡಿ ಒಂದು ದಿನ ಕೈಸನ್ನೆ ಮಾಡಿ ಒಳಗೆ ಕರೆದ. ಖರ್ಜೂರ ಇಟ್ಟ. ಗುಬ್ಬಿ ಕುಡಿಯುವಷ್ಟು ಸಣ್ಣ ಬಟ್ಟಲಿನಲ್ಲಿ ಕಾಫಿ ಸುರಿದ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಹಿ ನೀರು. ಮರ್ಯಾದೆಗೆ ಕುಡಿದೆ. ಮತ್ತೆ ಸುರಿದ. ನಮ್ಮ ಕಡೆ ಸಾಕು ಅಂತ ಬಟ್ಟಲಿನ ಮೇಲೆ ಅಂಗೈ ಮುಚ್ಚುತ್ತೇವಲ್ಲ, ಕೂಸು ಎತ್ತಿಕೊಂಡವನಿಗೆ ಇನ್ನೊಂದು ಕೈ ಎಲ್ಲಿ? ತಲೆ ಅಲ್ಲಾಡಿಸಿದೆ. ಅವನೂ ಪ್ರೀತಿಯಿಂದ ತಲೆ ಅಲ್ಲಾಡಿಸಿ ಮತ್ತೆ ಸುರಿದ. ಎಷ್ಟು ಬಟ್ಟಲಾಯಿತೋ! ಕೊನೆಗೆ ಅಜ್ಜನಿಗೇ ಪಾಪ ಅನ್ನಿಸಿ, ನನ್ನ ಮಣಿಕಟ್ಟು ಹಿಡಿದು ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೋರಿಸಿದ. ಹಾಗೆ ಅಲ್ಲಾಡಿಸಿದರೆ ಸಾಕು ಅಂತ ಅರ್ಥವಂತೆ. ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರುವುದು ಅವರ ಧರ್ಮ. ಮೊದಲೇ ನಿಂತಲ್ಲಿ ನಿಲ್ಲದ ನಾನು ಆ ಕಾಫಿಯಿಂದ ಮರುದಿನದ ತನಕ ಬುಗುರಿಯಾಗಿದ್ದೆ.

ಶುಕ್ರವಾರ

ಆ ದೇಶದಲ್ಲಿ ರಜೆ ಶುಕ್ರವಾರ. ಸುಭದ್ರಾಳ ರಜೆ ಮುಗಿದು ಡ್ಯೂಟಿ ಶುರುವಾಗಿತ್ತು. ನನ್ನ ವೀಸಾ ಮುಗಿಯುತ್ತ ಬಂದಿತ್ತು. ಆ ಶುಕ್ರವಾರ ಅಳಿಯಂದಿರು ಊಟ ಮುಗಿಸಿ ನನ್ನೆದುರು ಕೂತರು.

"ಮಾವಾರೀ, ನಾವಿಬ್ರೂ ಒಂದು ವಿಚಾರ ಮಾಡೀವಿ. ನೀವು ಹೋದ ಮ್ಯಾಲೆ ಕೂಸಿನ್ನ ಜೈನಬ್ ಬೀ ನೋಡ್ಕೋತೀನಿ ಅಂದಿದ್ರು. ಈಗ ಒಲ್ಲೆ ಅಂತಾರ. ಅವರ ಗಂಡ ಹಗಲು ಮಲಗೋರು, ಇವನು ಹಿಂಗ ಒದರಿದ್ರ ಅವರರೆ ಹೆಂಗ ಇಟ್ಕೋತಾರ? ಇವಳು ಕೆಲಸ ಬಿಟ್ರ ನಡಿಯಂಗಿಲ್ಲ."

"ಹಂಗಾದ್ರ?"

"ನೀವ ಕರ್ಕೊಂಡು ಹೋಗ್ರಿ. ಮಾನ್ವಿಗೆ. ಎರಡ್ಮೂರು ವರ್ಷ ನಿಮ್ಮ ಹಂತ್ಯಾಕ ಇರಲಿ. ಇಲ್ಲಿ ಭಾಳ ನರ್ಸಮ್ಮಗೋಳು ಹಂಗ ಮಾಡ್ತಾರ."

ನನಗೆ ಕಿವಿ ಗುಂಯ್ ಅಂದಿತು. ನನ್ನ ಮೊಮ್ಮಗ, ನನ್ನ ಮನೆಗೆ! ಎದ್ದು ಕುಣಿಯಬೇಕು ಅನ್ನಿಸಿತು. ಹಾಲಿಗೆ ಆಡು ಕಟ್ಟುತ್ತೇನೆ. ಸೈಕಲ್ಲಿನ ಮುಂದೆ ಬುಟ್ಟಿ ಹಾಕಿಸಿ ಬಾಗಲವಾಡಕ್ಕೂ ಕರೆದೊಯ್ಯುತ್ತೇನೆ. ಆ ಕ್ಷೌರದವನ ಎದುರು ಎತ್ತಿಕೊಂಡು ನಿಲ್ಲುತ್ತೇನೆ. "ಆಗ್ಲಿರೀ, ಆಗ್ಲಿ, ಭಾಳ ಚಲೋ ಆತು" ಅಂದೆ.

ಸುಭದ್ರಾ ಅಡುಗೆಮನೆಗೆ ಹೋಗಿದ್ದಳು. ನಳ ಬಿಟ್ಟ ಸದ್ದು ಕೇಳುತ್ತಿತ್ತು. ಪಾತ್ರೆಯ ಸದ್ದು ಮಾತ್ರ ಇರಲಿಲ್ಲ. ನಾನು ಅದನ್ನು ಕೇಳಿಯೂ ಕೇಳದವನ ಹಾಗೆ ಆಡಿನ ವಿಚಾರ ಮಾಡುತ್ತಿದ್ದೆ.

ಜೈನಬ್ ಬೀ

ಮುಂದಿನ ವಾರ ಒಂದು ಮಧ್ಯಾಹ್ನ. ಮಗಳು ಡ್ಯೂಟಿಗೆ ಹೋಗಿದ್ದಳು. ಕೂಸು ಬಾಟಲಿಯ ಹಾಲು ಕುಡಿದು ಮಲಗಿತ್ತು. ಗಡಿಯಾರ ನೋಡಿದೆ, ಹೊತ್ತಾಗಿತ್ತು. ಎಡಮಗ್ಗಲಿಗೆ ಹೊರಳಿಸಿ ಪೌಡರ್ ಡಬ್ಬಿ ತೆಗೆದೆ. ಜೈನಬ್ ಬೀ ಖಿಚಡಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಸೋತೆ ಬಚ್ಚೇ ಕೂ ಕಾಯ್ಕು ಉಠಾರೈಂ ಭಾಯ್ ಸಾಬ್?" ಮಲಗಿದ ಕೂಸನ್ನು ಯಾಕೆ ಎಬ್ಬಿಸುತ್ತೀರಿ ಅಂತ.

ಇನ್ನು ಮುಂದಿನದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಎಬ್ಬಸಾಕತ್ತಿಲ್ರಿ. ಹೊರಳಸಾಕತ್ತೀನಿ."

"ಯಾಕ?"

"ಬೆನ್ನು ಹುಣ್ಣಾಗ್ತದಲ್ರೀ."

"ಯಾರ್ದು?"

"ಇವನ್ದು."

ಅವರು ಖಿಚಡಿ ಕೆಳಗಿಟ್ಟರು. "ಎಷ್ಟು ಸಲ ಹೊರಳಸ್ತೀರಿ?"

"ಎರಡು ತಾಸಿಗೊಮ್ಮೆ. ಹಗಲೂ ರಾತ್ರಿ. ಒಮ್ಮೆರೆ ತಪ್ಪಿಸಿಲ್ಲ" ಅಂದೆ, ಹೆಮ್ಮೆಯಿಂದಲೇ.

ಜೈನಬ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ಕೂತರು. ಭುಜ ಕುಲುಕುತ್ತಿದ್ದವು. ಮೊದಲು ಅಳುತ್ತಿದ್ದಾರೆ ಅಂದುಕೊಂಡೆ. "ಯಾ ಅಲ್ಲಾ! ನಾ ಐದು ಹಡದೀನಿ, ಒಂದನ್ನೂ ಹೊರಳಿಸಿಲ್ಲ. ಅದೇನು ಲಕ್ವಾ ಹೊಡೆದ ಮುದುಕೇನ್ರಿ? ಕೂಸು ಅದು. ಅದರ ಮೈ ಹೂವಿನಂಗ ಹಗರ. ಮಲಗಿದ್ರ ಮಲಗಲಿಕ್ಕೆ ಬಿಡ್ರಿ!"

ಅವರ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಆದರೂ ಆ ಮಧ್ಯಾಹ್ನ ಬಿಟ್ಟು ನೋಡಿದೆ. ಅಬ್ಬಾ, ನನಗಾದ ಕಷ್ಟ! ಹೊತ್ತಾಯಿತು, ಕೈ ಕಡಿಯತೊಡಗಿತು. ಎದ್ದೆ, ಕೂತೆ, ಕಿಟಕಿಗೆ ಹೋದೆ, ತಿರುಗಿ ಬಂದೆ. ಕೊನೆಗೆ ನನ್ನ ಎರಡೂ ಕೈಗಳ ಮೇಲೆ ನಾನೇ ಕೂತುಕೊಂಡೆ. ಕೂಸು ಮಲಗಿಯೇ ಇತ್ತು. ಉಸಿರಾಟ ನೋಡಿದೆ, ಇತ್ತು. ಮಸೀದಿಯ ಬಾಂಗು ಕೂಗಿತು, ಮಲಗಿಯೇ ಇತ್ತು. ಕೆಳಗೆ ನೀರಿನ ಟ್ಯಾಂಕರ್ ಬಂದು ಗಲಾಟೆ ಎಬ್ಬಿಸಿ ಹೋಯಿತು. ಮೊಮ್ಮಗ ತುಟಿಯಲ್ಲಿ ಏನೋ ಚೀಪಿಕೊಂಡು ನಕ್ಕ, ಕಣ್ಣು ತೆರೆಯಲಿಲ್ಲ. ಅವನು ನಿದ್ದೆಯಲ್ಲಿ ನಗುತ್ತಾನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಜೈನಬ್ ಬೀ ಮತ್ತೆ ಬಂದು ಇಣುಕಿದರು. "ನೋಡಿದ್ರಾ? ಇಂಥಾ ಕೂಸಾದ್ರ ನಾ ಯಾಕ ಒಲ್ಲೆ ಅಂತೀನಿ? ನಾನ ಇಟ್ಕೋತೀನಿ. ಅವರವ್ವ ದಿನಾ ಸಂಜಿಗೆ ಬಂದು ಎತ್ಕೊಳ್ಳಲಿ." ಅಂದವರು ನನ್ನ ಮುಖ ನೋಡಿದರು. ಕೂಸು ನನ್ನ ಜೊತೆ ಮಾನ್ವಿಗೆ ಹೊರಟದ್ದು ಅವರಿಗೆ ತಿಳಿದಿತ್ತು. ಆಮೇಲೆ ಮೆತ್ತಗೆ, "ಮಗಳಿಗೆ ನೀವ ಹೇಳ್ರಿ. ನಾ ಹೇಳಂಗಿಲ್ಲ" ಅಂದು ಹೋದರು.

ಸಮುದ್ರದ ದಂಡೆ

ಸಂಜೆ ಕೂಸನ್ನು ಎತ್ತಿಕೊಂಡು ದಂಡೆಗೆ ಹೋದೆ. ಮಗಳನ್ನು ತರುವ ದವಾಖಾನೆಯ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ನನಗೆ ಗೊತ್ತಿದ್ದದ್ದು ಎರಡು ನದಿ, ಕೃಷ್ಣೆ ಮತ್ತು ತುಂಗಭದ್ರೆ. ಎರಡಕ್ಕೂ ಹೋಗುವುದೊಂದು ದಿಕ್ಕಿದೆ. ಈ ಸಮುದ್ರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನನ್ನ ಹಾಗೆಯೇ. ಆ ದಂಡೆಯ ಮೇಲೆ ಅತ್ತಿಂದಿತ್ತ ಎಷ್ಟು ಸಲ ನಡೆದೆನೋ. ಇನ್ನು ಕೆಲವೇ ದಿನ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೂಸು ನನ್ನದು. ಮಾನ್ವಿಗೆ ಹೋದ ಮೇಲೆ ಹೊರಳಿಸದಿದ್ದರಾಯಿತು. ಊರ ನೀರಿಗೆ ಅಳು ನಿಂತಿತು ಅಂದರೆ ಯಾರು ಬೇಡ ಅನ್ನುತ್ತಾರೆ?

ಬಸ್ಸು ಬಂತು. ಸುಭದ್ರಾ ಇಳಿದವಳೇ ಓಡಿ ಬಂದಳು. ಹಾಲು ಕಟ್ಟಿಕೊಂಡು ಎದೆ ಭಾರವಾಗಿತ್ತು ಪಾಪ. ಕಲ್ಲಿನ ಬೆಂಚಿನ ಮೇಲೆ ಕೂತು ದುಪಟ್ಟಾ ಹೊದ್ದು ಹಾಲಿಗೆ ಹಾಕಿಕೊಂಡಳು. ನಾನು ಅತ್ತ ತಿರುಗಿ ಹಡಗು ನೋಡುತ್ತ ನಿಂತೆ.

"ಯಪ್ಪಾ."

"ಹೇಳವ್ವಾ."

"ಇವನು ತಿರುಗಿ ಬರೋದ್ರಾಗ ನನ್ನ ವಾಸನಿ ಮರೀತಾನೇನು?"

ಅವಳು ಅಳುತ್ತಿರಲಿಲ್ಲ. ವಾರ್ಡಿನಲ್ಲಿ ನಮ್ಮನ್ನು ನಿಲ್ಲಿಸಿ ರೋಗಿಯ ಕಡೆಯವರು ನಿಜ ಹೇಳ್ರಿ ಅಂತ ಕೇಳುವಾಗ ಇಂಥದೇ ಧ್ವನಿ ಇರುತ್ತದೆ.

"ಸುಭದ್ರವ್ವಾ, ಕೂಸಿಗೇನೂ ಆಗಿಲ್ಲ. ನಾನ ಎಬ್ಬಸಾಕತ್ತಿದ್ದೆ."

"ಹಂಗಂದ್ರ?"

"ಎರಡು ತಾಸಿಗೊಮ್ಮೆ. ಬೆನ್ನು ಹುಣ್ಣಾಗಬಾರದಂತ."

ಅವಳು ನನ್ನನ್ನೇ ನೋಡಿದಳು. ನಾನು ಪೌಡರಿನ ಸಂಗತಿಯನ್ನೂ, ಬಟ್ಟೆಯ ಸುರುಳಿಯ ಸಂಗತಿಯನ್ನೂ, ಆವತ್ತು ಹೊರಳಿಸದೆ ಬಿಟ್ಟದ್ದನ್ನೂ ಹೇಳಿದೆ. ಮೊದಲು ಅವಳ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ನಗು ಶುರುವಾಯಿತು ನೋಡಿ, ನಿಲ್ಲಲಿಲ್ಲ. ಕೂಸಿನ ಬಾಯಿ ತಪ್ಪಿ ಅದು ಕಿರಿಚಿತು. ದಾರಿಯಲ್ಲಿ ಹೋಗುವ ಅರಬರು ನಿಂತು ನೋಡಿದರು. "ಯಪ್ಪಾ! ಯಪ್ಪಾ, ನಾ ನರ್ಸು, ನಾ ಒಳಗ ಮಲಗಿದ್ದೆ, ನೀ ಹೊರಗ ನನ್ನ ಮಗಗ ಬೆನ್ನು ಹುಣ್ಣಿನ ಕೇಸು ನಡಸಾಕತ್ತಿದ್ದಿ!" ನಗುತ್ತ ನಗುತ್ತಲೇ ಅದು ಅಳುವಾಯಿತು. ಕೂಸನ್ನು ಅವುಚಿಕೊಂಡು ಕೇಳಿದಳು: "ಹಂಗಾದ್ರ ಇವನು ಇಲ್ಲೇ ಇರ್ತಾನೇನು?"

"ಇಲ್ಲೇ ಇರ್ತಾನವ್ವಾ. ಜೈನಬ್ ಬೀ ಒಪ್ಯಾರ."

ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಮನೆಯ ದಾರಿಯಲ್ಲಿ ಮಾತ್ರ ನನ್ನ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕೂಸು ಅವಳ ಹೆಗಲ ಮೇಲಿತ್ತು.

ಹೊರಟ ದಿನ

ಉಳಿದ ದಿನಗಳಲ್ಲಿ ಮೊಮ್ಮಗ ಮಲಗಿದ್ದೇ ಮಲಗಿದ್ದು. ಕಳೆದುಕೊಂಡದ್ದನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡುವವನ ಹಾಗೆ. ನಾನು ಪಕ್ಕದಲ್ಲಿ ಕೂತು ಮೂಗಿನ ಮೇಲೆ ಒಂದು ನೊಣ ಕೂರಗೊಡಲಿಲ್ಲ.

ಹೊರಡುವ ಹೊತ್ತಿಗೂ ಮಲಗಿದ್ದ. ಕೆಳಗೆ ಅಳಿಯಂದಿರು ಗಾಡಿಯ ಹಾರನ್ ಹೊಡೆದರು. ಸುಭದ್ರಾ ಕೂಸಿಗೆ ಕೈ ಹಾಕಿದಳು. "ತಡಿ ಯಪ್ಪಾ, ಎಬ್ಬಸ್ತೀನಿ. ಕಣ್ಣು ನೋಡಿ ಹೋಗು."

"ಬ್ಯಾಡವ್ವಾ. ಮಲಗಲಿ."

ಬಗ್ಗಿ, "ಈಗ ನಾ ಹೋಗ್ತೀನ್ರಿ" ಅಂದೆ. ಮೆತ್ತಗೆ ಅಂದೆ. ಅವನು ಏಳಲಿಲ್ಲ.

ಜೈನಬ್ ಬೀ ಮೆಟ್ಟಿಲ ತನಕ ಬಂದರು. ಕೆಳಗಿನ ಅಜ್ಜ ಒಂದು ಪೊಟ್ಟಣ ಖರ್ಜೂರ ಕೈಗಿಟ್ಟ. ಗಾಡಿಯಲ್ಲಿ ಕೂತ ಮೇಲೂ ನಾನು ಮೂರು ಸಲ ಬಾಗಿಲು ತೆರೆದು ಮುಚ್ಚಿದೆನಂತೆ.

ರಾಯಚೂರಿನಿಂದ ಮುಂದೆ

ರಾಯಚೂರಿನಲ್ಲಿ ರೈಲಿಳಿದು ಸಿಂಧನೂರಿನ ಬಸ್ಸು ಹತ್ತಿದೆ. ಅದೇ ಬಸ್ಸು ಮಾನ್ವಿಯ ಮೇಲೆ ಹಾದು ಹೋಗುತ್ತದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಬಸ್ಸಿಗೆ ಜನ ಹೇಗೆ ಮುತ್ತುತ್ತಾರೆ ನಿಮಗೆ ಗೊತ್ತೇ ಇದೆ. ಹೊರಗಿನಿಂದ ಒಬ್ಬ ಹೆಣ್ಣುಮಗಳು, "ಯಜ್ಜಾ, ಹಿಡಿ ಯಜ್ಜಾ" ಅಂತ ಒಂದು ಕೂಸನ್ನು ಕಿಟಕಿಯೊಳಗಿಂದ ನನ್ನ ಮಡಿಲಿಗೆ ಹಾಕಿ, ಬಾಗಿಲ ಕಡೆ ನುಗ್ಗಿದಳು. ನಮ್ಮ ಕಡೆ ಇದು ದಿನದ ರೂಢಿ. ಮಸ್ಕತ್ತಿನಲ್ಲಿ ಯಾರೂ ಹೀಗೆ ಗುರುತಿಲ್ಲದವನ ಮಡಿಲಿಗೆ ಕೂಸು ಹಾಕುವುದನ್ನು ನಾನು ನೋಡಲಿಲ್ಲ. ಹೆಣ್ಣು ಕೂಸು, ಕಣ್ಣಿಗೆ ಕಾಡಿಗೆ, ಬಾಯಿಯ ಸುತ್ತ ಬೆಲ್ಲ.

ತಾಯಿ ಹೇಗೋ ಒಳಗೆ ಬಂದು ಗಂಟು ಹಿಡಿದು ನಡುವೆ ನಿಂತಳು. ಕೂಡಲು ಜಾಗವಿಲ್ಲ. "ನಿನ್ನ ಹಂತ್ಯಾಕ ಇರಲಿ ಯಜ್ಜಾ, ಸಿಂಧನೂರಿಗೆ ಹೋಗಬೇಕು" ಅಂದಳು. ಬಸ್ಸು ಹೊರಟಿತು. ಕೂಸು ನನ್ನ ಮೀಸೆ ಎಳೆಯಿತು, ಅಂಗಿಗೆ ಬೆಲ್ಲ ಒರೆಸಿತು, ಕಲ್ಲೂರು ಬರುವಷ್ಟರಲ್ಲಿ ನನ್ನ ತೊಡೆಯ ಮೇಲೆ ತಲೆ ಹಾಕಿ ನಿದ್ದೆ ಹೋಯಿತು. ನನ್ನ ಕಾಲು ಜೋಮು ಹಿಡಿದವು. ನಾನು ಅಲುಗಾಡಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಎದ್ದು ಅಡ್ಡಾಡಬೇಕು ಅನ್ನಿಸಲಿಲ್ಲ.

ಮಾನ್ವಿ ಬಂತು. ಕಂಡಕ್ಟರ್ ಕೂಗಿದ. ಅರ್ಧ ಬಸ್ಸು ಇಳಿಯಲು ಎದ್ದಿತು. ನನ್ನ ಓಣಿಯವರೇ ಇಬ್ಬರು ಕೆಳಗೆ ನಿಂತು, "ಓ ಮಲ್ಲಪ್ಪಣ್ಣ ಬಂದಾ!" ಅಂತ ಕೈ ಮಾಡುತ್ತಿದ್ದರು. ಆ ಹೆಣ್ಣುಮಗಳು ಗದ್ದಲದಲ್ಲಿ ಬಗ್ಗಿ, ಮಲಗಿದ ಕೂಸಿನ ಕಡೆ ಕೈ ಚಾಚುತ್ತ ಕೇಳಿದಳು:

"ಯಜ್ಜಾ, ನಿನ್ನ ಊರು ಬಂತೇನು?"

"ಇಲ್ಲವ್ವಾ" ಅಂದೆ. "ಇನ್ನೂ ಮುಂದದ."